ಸ್ಪಿರಿಟ್ ಲೆವೆಲ್ ತಂದ್ರಾ? ಮೊದ್ಲು ಅದನ್ನೇ ಚೆಕ್ ಮಾಡಿ

ಗೋಡೆಗೆ ಶೆಲ್ಫ್ ಹೊಡೆಯೋಕೆ, ವಾಷಿಂಗ್ ಮಷಿನ್ ಕೂರಿಸೋಕೆ ಅಂತ ಹಾರ್ಡ್‌ವೇರ್ ಅಂಗಡಿಯಿಂದ ಸ್ಪಿರಿಟ್ ಲೆವೆಲ್ (ಗುಳ್ಳೆ ಇರೋ ಕೊಳವೆ ಕೂರಿಸಿದ, ಮಟ್ಟ ನೋಡೋ ಪಟ್ಟಿ) ತರ್ತೀವಿ, ತಂದ ತಕ್ಷಣ ಗುಳ್ಳೆ ಹೇಳಿದ್ದೇ ನಿಜ ಅಂತ ನಂಬಿಬಿಡ್ತೀವಿ. ಆದ್ರೆ ಒಂದ್ಸಲ ಕೈಜಾರಿ ಬಿದ್ರೂ ಸಾಕು, ಹೊರಗಡೆ ಏನೂ ಆಗಿರಲ್ಲ, ಒಳಗಿನ ಕೊಳವೆ ಮಾತ್ರ ಒಂಚೂರು ಜರುಗಿರುತ್ತೆ.

ಆ ಕೊಳವೆ ನೆಟ್ಟಗಿರೋ ಹಾಗೆ ಕಾಣುತ್ತೆ ಅಷ್ಟೇ, ಒಳಗೆ ನಡುಭಾಗ ಸ್ವಲ್ಪ ಉಬ್ಬಿರುತ್ತೆ, ಗಾಳಿ ಯಾವಾಗ್ಲೂ ಮೇಲಿನ ಜಾಗಕ್ಕೇ ಹೋಗೋದ್ರಿಂದ ಮಟ್ಟ ಸರಿ ಇದ್ರೆ ಗುಳ್ಳೆ ಎರಡು ಗೆರೆ ಮಧ್ಯ ನಿಲ್ಲುತ್ತೆ. 1661ರ ಸುಮಾರಿಗೆ ಫ್ರಾನ್ಸಿನ ಮೆಲ್ಕಿಸೆಡೆಕ್ ಥೆವೆನೋ ಕಂಡುಹಿಡಿದ ಐಡಿಯಾ, ಈಗ್ಲೂ ಬ್ಯಾಟರಿ ಬೇಡ, ರೀಚಾರ್ಜ್ ಬೇಡ. ನೀರಿನ ಬದ್ಲು ಸ್ಪಿರಿಟ್ ಹಾಕಿದ್ರೆ ಗುಳ್ಳೆ ಸಲೀಸಾಗಿ ಓಡುತ್ತೆ, ಚಳಿಗೆ ಹೆಪ್ಪುಗಟ್ಟೋದೂ ಇಲ್ಲ.

ಈಗ ಟೆಸ್ಟ್. ಲೆವೆಲ್‌ನ ಟೇಬಲ್ ಮೇಲಿಡಿ, ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ, ಗುಳ್ಳೆ ಎಲ್ಲಿದೆ ನೋಡ್ಕೊಳ್ಳಿ. ಆಮೇಲೆ ಎಡತುದಿ ಬಲಕ್ಕೆ ಬರೋ ಹಾಗೆ ತಿರುಗಿಸಿ ಅದೇ ಗುರುತಿಗೆ ಸರಿಯಾಗಿ ಇಡಿ. ಮೊದ್ಲು ಕಿಟಕಿ ಕಡೆ ಇದ್ದ ಗುಳ್ಳೆ ಈಗ್ಲೂ ಕಿಟಕಿ ಕಡೆಗೇ ಅಷ್ಟೇ ದೂರ ನಿಂತ್ರೆ ಲೆವೆಲ್ ಸರಿ ಇದೆ, ಓರೆ ಇರೋದು ಟೇಬಲ್. ಜಾಗ ಬದಲಾಯ್ತು ಅಂದ್ರೆ ಲೆವೆಲ್ಲೇ ಸುಳ್ಳು ಹೇಳ್ತಿದೆ. ಹಾಗಂತ ಎಸೀಬೇಡಿ, ಶೆಲ್ಫ್‌ಗೆ ಗೆರೆ ಎಳೆಯುವಾಗ ಒಂದೇ ಬಿಂದುವಿನಿಂದ ಎರಡೂ ಥರ ಹಿಡಿದು ಎರಡು ಗೆರೆ ಎಳೀರಿ, ಆ ಕಡೆ ತುದೀಲಿ 4 ಮಿ.ಮೀ. ಅಂತರ ಬಂದ್ರೆ ಸರಿಯಾದ ಮಟ್ಟ ನಡುವಿನ 2 ಮಿ.ಮೀ.ನಲ್ಲಿರುತ್ತೆ.

ವಾಷಿಂಗ್ ಮಷಿನ್‌ಗೆ ಅಡ್ಡಡ್ಡ ಒಮ್ಮೆ, ಮುಂದೆ-ಹಿಂದೆ ಒಮ್ಮೆ ಇಟ್ಟು ನೋಡಿ, ಕಾಲು ತಿರುಗಿಸಿ ಮಟ್ಟ ಮಾಡಿ, ಕೊನೇಗೆ ಕಾಲು ಮತ್ತೆ ತಿರುಗದ ಹಾಗೆ ಹಿಡಿಯೋ ಲಾಕ್‌ನಟ್ ಟೈಟ್ ಮಾಡೋದು ಮರೀಬೇಡಿ. ಮೊಬೈಲ್ ಆ್ಯಪ್ ಸಾಲ್ದಾ ಅಂದ್ರೆ, ಫೋಟೋ ಫ್ರೇಮ್‌ಗೆ ಓಕೆ, ಆದ್ರೆ ಫೋನ್ ಬೆನ್ನಿನ ಕ್ಯಾಮೆರಾ ಉಬ್ಬೇ ಅದನ್ನ ಓರೆ ಮಾಡುತ್ತೆ. ಒಂದು ರೂಮಿಂದ ಇನ್ನೊಂದಕ್ಕೆ ಮಟ್ಟ ಒಯ್ಯೋಕಂತೂ ಮೇಸ್ತ್ರಿಗಳ ನೀರು ತುಂಬಿದ ಲೆವೆಲ್ ಪೈಪೇ ಬೇಕು, ಅದರೊಳಗೆ ಮಾತ್ರ ಒಂದು ಗುಳ್ಳೇನೂ ಇರ್ಬಾರ್ದು.

ಇನ್ನು ಬಾತ್‌ರೂಮ್ ನೆಲ. ಅಲ್ಲಿ ಗುಳ್ಳೆ ಮಧ್ಯ ನಿಂತ್ರೇ ಪ್ರಾಬ್ಲಂ, ನೀರು ಜಾಲರಿ ಕಡೆ ಹೋಗ್ದೆ ಅಲ್ಲೇ ನಿಲ್ಲುತ್ತೆ. ಮೀಟರಿಗೆ ಸುಮಾರು 1 ಸೆಂ.ಮೀ. ಇಳಿಜಾರು ಬೇಕು, ಅದಕ್ಕೆ 1 ಮೀಟರ್ ಲೆವೆಲ್‌ನ ಜಾಲರಿ ಕಡೆ ತುದಿ ಕೆಳಗೆ 1 ಸೆಂ.ಮೀ. ದಪ್ಪದ ಚಕ್ಕೆ ಇಡಿ, ಆಗ ಗುಳ್ಳೆ ಮಧ್ಯಕ್ಕೆ ಬಂದ್ರೆ ಟೈಲ್ಸ್ ಕೂರಿಸೋಕೆ ಹೇಳಿ.