ಶ್ವಾಸನಾಳವೇ ಕಾಣದ ಸ್ಲೈಡ್ ಓದುವಾಗ

ನಾನು ಪ್ಯಾಥಾಲಜಿಸ್ಟ್, ಅಂದರೆ ಅಂಗಾಂಶವನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿ ರೋಗ ಗುರುತಿಸುವ ವೈದ್ಯ. ಶ್ವಾಸಕೋಶದ ಬಯಾಪ್ಸಿಗಳಲ್ಲಿ (ಪರೀಕ್ಷೆಗೆ ತೆಗೆದ ತುಂಡುಗಳಲ್ಲಿ) ಬ್ರಾಂಕೋಸೆಂಟ್ರಿಕ್ ಗ್ರ್ಯಾನ್ಯುಲೋಮಟೋಸಿಸ್ ಎಂಬ ರೋಗ ಸಿಗುವುದು ಅಪರೂಪ. 1973ರಲ್ಲಿ ಅಮೆರಿಕದ ಪ್ಯಾಥಾಲಜಿಸ್ಟ್ ಅವೆರಿಲ್ ಲೀಬೋ ಇದನ್ನು ಮೊದಲು ವಿವರಿಸಿದರು. ಇದರಲ್ಲಿ ಉರಿಯೂತ ನೇರವಾಗಿ ಶ್ವಾಸನಾಳ ಮತ್ತು ಅದರ ಸಣ್ಣ ಕವಲುಗಳ ಮೇಲೇ ಎರಗುತ್ತದೆ. ಒಳಪದರ ಸತ್ತು, ಆ ಜಾಗದಲ್ಲಿ ಗ್ರ್ಯಾನ್ಯುಲೋಮಾ, ಅಂದರೆ ಉರಿಯೂತದ ಜೀವಕೋಶಗಳ ಗಂಟು, ಬೆಳೆಯುತ್ತದೆ.

ನಾಳವೇ ಹಾಳಾದ ಮೇಲೆ ಅಲ್ಲೊಂದು ನಾಳ ಇತ್ತು ಅಂತ ಗೊತ್ತಾಗುವುದು ಹೇಗೆ? ನಾನು ಮೊದಲು ಅಪಧಮನಿ (ಹೃದಯದಿಂದ ರಕ್ತ ತರುವ ನಾಳ) ಹುಡುಕುತ್ತೇನೆ. ಶ್ವಾಸಕೋಶದಲ್ಲಿ ಅಪಧಮನಿಯೂ ಶ್ವಾಸನಾಳವೂ ಜೋಡೆತ್ತಿನ ಹಾಗೆ ಒಟ್ಟಿಗೇ ಸಾಗುತ್ತವೆ. ಅಪಧಮನಿ ಮಾತ್ರ ಉಳಿದು, ಪಕ್ಕದಲ್ಲಿ ಸತ್ತ ಅಂಗಾಂಶದ ಗಂಟು ಇದ್ದರೆ ಅದು ಶ್ವಾಸನಾಳ ಇದ್ದ ಜಾಗವೇ ಇರಬೇಕು. ಎಲಾಸ್ಟಿಕ್ ಸ್ಟೇನ್ (ಹಿಗ್ಗುವ ನಾರುಗಳಿಗೆ ಹಿಡಿಯುವ ಬಣ್ಣ) ಹಾಕಿಸಿದರೆ ಹಳೆ ಗೋಡೆಯ ಚೂರುಗಳು ಕಪ್ಪು ಗೆರೆಗಳಾಗಿ ಕಾಣುತ್ತವೆ. ಪಕ್ಕದ ರಕ್ತನಾಳಕ್ಕೂ ಉರಿಯೂತ ಸ್ವಲ್ಪ ಹರಡಿರಬಹುದು. ಆದರೆ ರಕ್ತನಾಳದ ಗೋಡೆಯೇ ಸತ್ತಿದ್ದರೆ ನಾನು ವ್ಯಾಸ್ಕುಲೈಟಿಸ್, ಅಂದರೆ ರಕ್ತನಾಳದ್ದೇ ಉರಿಯೂತದ ಕಾಯಿಲೆ, ಕಡೆ ತಿರುಗುತ್ತೇನೆ.

ಆಮೇಲೆ ಜೀವಕೋಶಗಳು. ಇಯೋಸಿನೋಫಿಲ್ (ಅಲರ್ಜಿಯಲ್ಲಿ ಹೆಚ್ಚುವ ಬಿಳಿ ರಕ್ತಕಣ) ಜಾಸ್ತಿ ಇದ್ದು, ನಾಳದೊಳಗೆ ಗಟ್ಟಿ ಕಫ ಕಂಡರೆ ಚಿಕಿತ್ಸೆ ನೀಡುವ ವೈದ್ಯರಿಗೆ ಕೂಡಲೇ ಫೋನ್ ಮಾಡಿ ಕೇಳುತ್ತೇನೆ: ರೋಗಿಗೆ ಅಸ್ತಮಾ ಇದೆಯಾ? ಆಸ್ಪರ್ಜಿಲಸ್ ಶಿಲೀಂಧ್ರದ ಅಲರ್ಜಿ ಟೆಸ್ಟ್ ಆಗಿದೆಯಾ? ಆ ಕಫದಲ್ಲಿ ಸಿಲ್ವರ್ ಸ್ಟೇನ್ (ಶಿಲೀಂಧ್ರ ತೋರಿಸುವ ಬಣ್ಣ) ಹಾಕಿದಾಗ ಶಿಲೀಂಧ್ರದ ಎಳೆಯ ತುಂಡುಗಳು ಸಿಗುವುದುಂಟು. ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ಜಾಸ್ತಿ ಇದ್ದರೆ ಸೋಂಕಿನ ಅನುಮಾನ ಇನ್ನೂ ಹೆಚ್ಚು. ಕೆಲವೊಮ್ಮೆ ರೂಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳ ಉರಿಯೂತದ ಕಾಯಿಲೆ) ಕೂಡ ಕಾರಣ.

ಸೋಂಕಿನ ವಿಷಯದಲ್ಲಿ ನಾನು ಬಹಳ ಬಿಗಿ. ಟಿಬಿ ಕೂಡ ಥೇಟ್ ಹೀಗೇ ಕಾಣಬಹುದು. ಬ್ರಾಂಕೋಸೆಂಟ್ರಿಕ್ ಗ್ರ್ಯಾನ್ಯುಲೋಮಟೋಸಿಸ್‌ಗೆ ಕೊಡುವುದು ಉರಿಯೂತ ತಗ್ಗಿಸುವ ಸ್ಟೀರಾಯ್ಡ್. ಒಳಗೆ ಟಿಬಿ ಇದ್ದು, ಬರೀ ಸ್ಟೀರಾಯ್ಡ್ ಕೊಟ್ಟರೆ ಅದು ಹರಡುತ್ತದೆ, ಪ್ರಾಣಕ್ಕೇ ಅಪಾಯ. ಸ್ಟೇನ್‌ನಲ್ಲಿ ಏನೂ ಕಾಣಲಿಲ್ಲ ಅಂದಮಾತ್ರಕ್ಕೆ ಟಿಬಿ ಇಲ್ಲ ಅಂತಲ್ಲ. ಬ್ಯಾಕ್ಟೀರಿಯಾ ಕಮ್ಮಿ ಇದ್ದರೆ ತಪ್ಪಿಸಿಕೊಳ್ಳುತ್ತದೆ. ಅದಕ್ಕೇ ಸರ್ಜನ್‌ಗಳಿಗೆ ಆಪರೇಷನ್‌ಗೆ ಮುಂಚೆಯೇ ಹೇಳಿರುತ್ತೇನೆ: ಇಡೀ ತುಂಡನ್ನು ಫಾರ್ಮಲಿನ್‌ಗೆ (ಅಂಗಾಂಶ ಕೆಡದಂತೆ ಇಡುವ ದ್ರಾವಣಕ್ಕೆ) ಹಾಕಬೇಡಿ, ಸ್ವಲ್ಪ ಭಾಗ ಹಾಗೇ ಸ್ಟೆರೈಲ್ ಡಬ್ಬಿಯಲ್ಲಿ ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸಿ. ಫಾರ್ಮಲಿನ್ ಸೇರಿದ ಮೇಲೆ ಕಲ್ಚರ್ ಮಾಡಲಾಗದು.

ಕಲ್ಚರ್‌ನಲ್ಲಿ ಟಿಬಿ ಇಲ್ಲ ಅಂತ ಬರೋಕೆ 6 ವಾರ ಹಿಡಿಯಬಹುದು. ಅಲ್ಲಿಯವರೆಗೆ ನನ್ನ ರಿಪೋರ್ಟ್‌ನಲ್ಲಿ ಕಂಡದ್ದನ್ನಷ್ಟೇ ಬರೆಯುತ್ತೇನೆ, ಬಾಕಿ ಇರುವ ಟೆಸ್ಟ್‌ಗಳನ್ನು ಮೇಲ್ಗಡೆಯೇ ಹಾಕುತ್ತೇನೆ. ಕೆಳಗೆ ಹಾಕಿದರೆ ಅವಸರದಲ್ಲಿ ಯಾರೂ ಓದುವುದಿಲ್ಲ.