ಪೋಸ್ಟ್‌ಗ್ರೆಸ್ ಸರ್ವರ್ ನಿಂತಾಗ: ರೀಸ್ಟಾರ್ಟ್‌ಗೆ ಮುಂಚೆ ಎರಡು ನಿಮಿಷ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಯಶವಂತಪುರದ ಮಂಡಿಯಲ್ಲೋ ಪೀಣ್ಯದ ಕಾರ್ಖಾನೆಯಲ್ಲೋ ಬಿಲ್ ಬರುವುದು ನಿಂತುಬಿಡುತ್ತದೆ. "ಸರ್ವರ್ ಹ್ಯಾಂಗ್ ಆಗಿದೆ, ಬೇಗ ರೀಸ್ಟಾರ್ಟ್ ಮಾಡಿ ಸಾರ್" ಎಂದು ಫೋನು. ಮಾಡಬೇಡಿ. ಯಾವ ಕ್ವೆರಿ (ಡೇಟಾಬೇಸ್‌ಗೆ ಕೊಟ್ಟ ಆಜ್ಞೆ) ಯಾವುದಕ್ಕೆ ಕಾಯುತ್ತಿದೆ, ಯಾರು ಲಾಕ್ (ಬೇರೆಯವರು ಮುಟ್ಟದಂತೆ ಬೀಗ) ಹಿಡಿದು ಕೂತಿದ್ದಾರೆ ಅನ್ನುವುದೆಲ್ಲ ಸರ್ವರ್ ಓಡುತ್ತಿರುವಾಗ ಮಾತ್ರ ಕಾಣುತ್ತದೆ. ರೀಸ್ಟಾರ್ಟ್ ಆದ ಕ್ಷಣ ಅದೆಲ್ಲ ಅಳಿಸಿಹೋಗುತ್ತದೆ, ತೊಂದರೆ ಮಾತ್ರ ಮುಂದಿನ ಸೋಮವಾರ ಮತ್ತೆ ಬರುತ್ತದೆ. ಡಿಸ್ಕ್ ತುಂಬಿದ್ದರಂತೂ ನಿಲ್ಲಿಸಿದ ಸರ್ವರ್ ಮತ್ತೆ ಏಳದೇ ಹೋಗಬಹುದು.

ಇಲ್ಲಿರುವುದು ಲಿನಕ್ಸ್ ಮೇಲೆ ಓಡುವ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ಗೆ ಸಂಬಂಧಿಸಿದ ವಿಷಯ. ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ.

ಮೊದಲು ಡಿಸ್ಕ್

ಎಷ್ಟು ಜಾಗ ಉಳಿದಿದೆ ಎಂದು ನೋಡಲು 'ಡಿಎಫ್ -ಎಚ್' ಹಾಕಿ. ಡೇಟಾ ಇರುವ ಪಾರ್ಟಿಷನ್ ಶೇ. 95 ದಾಟಿದ್ದರೆ ಬೇರೆ ಏನನ್ನೂ ನೋಡುವ ಮೊದಲು ಅದನ್ನೇ ಸರಿಮಾಡಿ. ಸಾಮಾನ್ಯವಾಗಿ ಊದಿಕೊಂಡಿರುವುದು 'ಪಿಜಿ_ವಾಲ್' ಫೋಲ್ಡರ್. ಅದರೊಳಗೆ ಡೇಟಾದ ಪ್ರತಿ ಬದಲಾವಣೆಯನ್ನು ಬರೆದಿಟ್ಟ, ತಲಾ 16 ಎಂಬಿಯ ಫೈಲ್‌ಗಳು ಸಾಲಾಗಿ ಕೂತಿರುತ್ತವೆ. ಹಳೇ ಲಾಗ್ ಎಂದುಕೊಂಡು ಅವನ್ನು ಅಳಿಸಿದರೆ ಡೇಟಾಬೇಸ್ ಕೈಬಿಟ್ಟಂತೆಯೇ: ಕರೆಂಟ್ ಹೋಗಿ ಸರ್ವರ್ ಬಿದ್ದರೆ ಅದು ಮತ್ತೆ ಚೇತರಿಸಿಕೊಳ್ಳುವುದು ಈ ಫೈಲ್‌ಗಳನ್ನು ಓದಿಯೇ. ಈ ಫೋಲ್ಡರಿನ ಹಳೆಯ ಹೆಸರು 'ಪಿಜಿ_ಎಕ್ಸ್‌ಲಾಗ್', ಅದರ ಜೊತೆಗಿದ್ದದ್ದು 'ಪಿಜಿ_ಕ್ಲಾಗ್'. ಹೆಸರಿನಲ್ಲಿ 'ಲಾಗ್' ಇದೆ ಎಂದು ಜನ ಅಳಿಸಿ ಕೆಟ್ಟದ್ದು ಎಷ್ಟು ಹೆಚ್ಚಾಯಿತೆಂದರೆ, 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಎರಡರ ಹೆಸರನ್ನೂ ಬದಲಿಸಿದರು.

ಅದು ಊದುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಒಂದು, ಯಾರೂ ಬಳಸದ ರೆಪ್ಲಿಕೇಷನ್ ಸ್ಲಾಟ್, ಅಂದರೆ ರೆಪ್ಲಿಕಾ (ಡೇಟಾದ ನಕಲು ಇಟ್ಟುಕೊಳ್ಳುವ ಇನ್ನೊಂದು ಯಂತ್ರ) ಎಲ್ಲಿಯವರೆಗೆ ಓದಿದೆ ಎಂಬ ಗುರುತು. ರೆಪ್ಲಿಕಾ ಯಂತ್ರವನ್ನು ತೆಗೆದುಹಾಕಿದ್ದೀರಿ, ಸ್ಲಾಟ್ ಹಾಗೇ ಉಳಿದಿದೆ. ಆ ರೆಪ್ಲಿಕಾ ಇಂದಲ್ಲ ನಾಳೆ ಬಂದೀತು ಎಂದು ಸರ್ವರ್ ಎಲ್ಲವನ್ನೂ ಕೂಡಿಟ್ಟುಕೊಳ್ಳುತ್ತಿದೆ. 'ಪಿಜಿ_ರೆಪ್ಲಿಕೇಷನ್_ಸ್ಲಾಟ್ಸ್' ನೋಡಿ, ಆಕ್ಟಿವ್ ಕಾಲಂ ಫಾಲ್ಸ್ ಇದ್ದು ಅದು ಬೇಡವೆಂದು ಖಾತ್ರಿಯಾದರೆ 'ಪಿಜಿ_ಡ್ರಾಪ್_ರೆಪ್ಲಿಕೇಷನ್_ಸ್ಲಾಟ್' ಹಾಕಿ, ಆಮೇಲೆ 'ಚೆಕ್‌ಪಾಯಿಂಟ್' (ಮೆಮೊರಿಯಲ್ಲಿರುವ ಬದಲಾವಣೆಗಳನ್ನು ಡಿಸ್ಕಿಗೆ ಇಳಿಸುವ ಆಜ್ಞೆ) ಹೊಡೆಯಿರಿ. ಬೇಡದ ಫೈಲ್‌ಗಳನ್ನು ಸರ್ವರೇ ತೆಗೆಯುತ್ತದೆ. ಇನ್ನೊಂದು, ಈ ಫೈಲ್‌ಗಳನ್ನು ಬ್ಯಾಕಪ್ ಜಾಗಕ್ಕೆ ನಕಲಿಸುವ 'ಆರ್ಕೈವ್_ಕಮಾಂಡ್' ಸೋಲುತ್ತಿರುವುದು. ಬ್ಯಾಕಪ್ ಡಿಸ್ಕಿನಲ್ಲಿ ಜಾಗ ಮುಗಿದಿದ್ದರೂ ಹೀಗಾಗುತ್ತದೆ. 'ಪಿಜಿ_ಸ್ಟಾಟ್_ಆರ್ಕೈವರ್' ಒಳಗೆ ಫೇಲ್ಡ್_ಕೌಂಟ್ ಏರುತ್ತಿದ್ದರೆ ಇದೇ.

ಸ್ಲಾಟ್‌ಗಾಗಿ ಎಷ್ಟು ಕೂಡಿಡಬೇಕು ಎನ್ನುವ 'ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್' ಡೀಫಾಲ್ಟಾಗಿ -1, ಅಂದರೆ ಮಿತಿಯೇ ಇಲ್ಲ. ಡಿಸ್ಕಿಗೆ ತಕ್ಕಂತೆ 20 ಜಿಬಿಯೋ 50 ಜಿಬಿಯೋ ಇಡಿ. ಹಿಂದೆ ಬಿದ್ದ ರೆಪ್ಲಿಕಾವನ್ನು ಮತ್ತೆ ಕಟ್ಟಬೇಕಾದೀತು, ಆದರೆ ಮುಖ್ಯ ಸರ್ವರ್ ಉಳಿಯುತ್ತದೆ. ಅದೇ ಪಾರ್ಟಿಷನ್‌ನಲ್ಲಿ 2 ಜಿಬಿಯ ಒಂದು ಖಾಲಿ ಫೈಲನ್ನು 'ಎಫ್ಆಲೊಕೇಟ್' ಬಳಸಿ ಈಗಲೇ ಮಾಡಿಡಿ. ಡಿಸ್ಕ್ ಪೂರ್ತಿ ತುಂಬಿದ ದಿನ ಅದನ್ನು ಅಳಿಸಿದರೆ ಸರ್ವರ್ ಎಬ್ಬಿಸುವಷ್ಟು ಜಾಗ ಸಿಗುತ್ತದೆ.

ಯಾರು ಯಾರನ್ನು ತಡೆದಿದ್ದಾರೆ

ಡಿಸ್ಕಿನಲ್ಲಿ ಜಾಗ ಇದೆ, 'ಟಾಪ್' ನೋಡಿದರೆ ಸಿಪಿಯು ಸುಮ್ಮನೆ ಕೂತಿದೆ, ಆದರೂ ಒಂದು ಬಿಲ್ಲೂ ಹೊರಡುತ್ತಿಲ್ಲ. ಇದು ಲಾಕ್. ಪೋಸ್ಟ್‌ಗ್ರೆಸ್ ಸೂಪರ್‌ಯೂಸರ್ ಆಗಿ ಒಳಗೆ ಹೋಗಿ ಇದನ್ನು ಕೇಳಿ:

ಸೆಲೆಕ್ಟ್ ಪಿಐಡಿ, ಯೂಸ್‌ನೇಮ್, ಸ್ಟೇಟ್, ನೌ() - ಎಕ್ಸಾಕ್ಟ್_ಸ್ಟಾರ್ಟ್, ಪಿಜಿ_ಬ್ಲಾಕಿಂಗ್_ಪಿಐಡಿಎಸ್(ಪಿಐಡಿ), ಕ್ವೆರಿ ಫ್ರಮ್ ಪಿಜಿ_ಸ್ಟಾಟ್_ಆಕ್ಟಿವಿಟಿ ವೇರ್ ಸ್ಟೇಟ್ <> 'ಐಡಲ್' ಆರ್ಡರ್ ಬೈ ಎಕ್ಸಾಕ್ಟ್_ಸ್ಟಾರ್ಟ್;

(ಇಲ್ಲಿ 'ಎಕ್ಸಾಕ್ಟ್' ಅನ್ನು ಎಕ್ಸ್-ಎ-ಸಿ-ಟಿ ಎಂದು ಹೊಡೆಯಿರಿ, ಮುಂದೆ ಇ ಇಲ್ಲ. ಪಿಐಡಿ ಅಂದರೆ ಆ ಕನೆಕ್ಷನ್ನಿನ ಪ್ರೊಸೆಸ್ ಸಂಖ್ಯೆ.) ಬಂದದ್ದನ್ನು ಹೀಗೆ ಓದಿ. 4502, 4503, 4511, ಹೀಗೆ ಮೂವತ್ತು ಸಾಲು, ಎಲ್ಲವೂ ಸಾದಾ ಸೆಲೆಕ್ಟ್, ಎಲ್ಲದರ ಬ್ಲಾಕಿಂಗ್ ಕಾಲಂನಲ್ಲಿ 4390 ಇದೆ. 4390 ಏನು ಮಾಡುತ್ತಿದೆ? ಇನ್‌ವಾಯ್ಸ್ ಟೇಬಲ್‌ಗೆ ಒಂದು ಕಾಲಂ ಸೇರಿಸುವ ಆಲ್ಟರ್ ಟೇಬಲ್. ಅದೇ ತಪ್ಪಿತಸ್ಥ ಎಂದು ನಿಲ್ಲಬೇಡಿ, ಅದರ ಬ್ಲಾಕಿಂಗ್ ಕಾಲಂ ಕೂಡ ನೋಡಿ: 4127. ಮೇಲ್ಗಡೆ ಮೊದಲ ಸಾಲಿನಲ್ಲೇ 4127 ಇದೆ. ಸ್ಟೇಟ್ 'ಐಡಲ್ ಇನ್ ಟ್ರಾನ್ಸಾಕ್ಷನ್', ನಲವತ್ತೇಳು ನಿಮಿಷದಿಂದ. ಯಾರೋ ಪಿಜಿಅಡ್ಮಿನ್‌ನಲ್ಲಿ (ಪೋಸ್ಟ್‌ಗ್ರೆಸ್ ನೋಡಿಕೊಳ್ಳುವ ತಂತ್ರಾಂಶ) 'ಬಿಗಿನ್' ಹಾಕಿ, ಒಂದು ಅಪ್‌ಡೇಟ್ ಮಾಡಿ, ಕಮಿಟ್ ಮಾಡದೆ (ಬದಲಾವಣೆ ಖಾಯಂ ಮಾಡದೆ) ಕಾಫಿಗೆ ಎದ್ದುಹೋಗಿದ್ದಾರೆ. ಆಲ್ಟರ್ ಟೇಬಲ್‌ಗೆ ಇಡೀ ಟೇಬಲ್ ಮೇಲೆ ಸಂಪೂರ್ಣ ಲಾಕ್ ಬೇಕು, ಅದು 4127ಕ್ಕೆ ಕಾಯುತ್ತದೆ. ಅದರ ಹಿಂದೆ ಬಂದವರೆಲ್ಲ, ಬರೀ ಓದಲು ಬಂದವರೂ ಸೇರಿ, ಅದೇ ಕ್ಯೂನಲ್ಲಿ ನಿಲ್ಲುತ್ತಾರೆ.

ಇಲ್ಲಿ 'ಪಿಜಿ_ಕ್ಯಾನ್ಸಲ್_ಬ್ಯಾಕೆಂಡ್' ಕೆಲಸ ಮಾಡುವುದಿಲ್ಲ. ಅದು ನಿಲ್ಲಿಸುವುದು ಓಡುತ್ತಿರುವ ಕ್ವೆರಿಯನ್ನು. 4127ರಲ್ಲಿ ಓಡುತ್ತಿರುವುದು ಏನೂ ಇಲ್ಲ. 'ಪಿಜಿ_ಟರ್ಮಿನೇಟ್_ಬ್ಯಾಕೆಂಡ್(4127)' ಹಾಕಿದರೆ ಆ ಕಮಿಟ್ ಆಗದ ಅಪ್‌ಡೇಟ್ ವಾಪಸಾಗಿ ಕ್ಯೂ ಕರಗುತ್ತದೆ. ಲಿನಕ್ಸ್‌ನಿಂದ 'ಕಿಲ್ -9' ಮಾತ್ರ ಎಂದಿಗೂ ಬೇಡ. ಒಂದು ಪ್ರೊಸೆಸ್ ಹಾಗೆ ಸತ್ತರೆ ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದೆಂದು ಪೋಸ್ಟ್‌ಗ್ರೆಸ್ ಎಲ್ಲರ ಕನೆಕ್ಷನ್ ಕಡಿದು ರಿಕವರಿಗೆ ಹೋಗುತ್ತದೆ.

ಇದು ಮರುಕಳಿಸದಿರಲು 'ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮೌಟ್' ಅನ್ನು 5 ನಿಮಿಷಕ್ಕೆ ಇಡಿ, ಡೀಫಾಲ್ಟಾಗಿ ಅದು ಆಫ್ ಇರುತ್ತದೆ. ಆಲ್ಟರ್ ಟೇಬಲ್ ಹೊಡೆಯುವ ಸೆಷನ್‌ನಲ್ಲಿ ಮೊದಲು "ಸೆಟ್ ಲಾಕ್_ಟೈಮೌಟ್ = '3ಎಸ್'" ಹಾಕಿ. ಲಾಕ್ ಸಿಗದಿದ್ದರೆ ಮೂರು ಸೆಕೆಂಡಿಗೆ ಅದು ತಾನೇ ಹಿಂದೆ ಸರಿಯುತ್ತದೆ, ಕೌಂಟರಿನ ಕೆಲಸ ನಿಲ್ಲುವುದಿಲ್ಲ.

ಒಳಗೆ ಹೋಗಲಿಕ್ಕೇ ಆಗದೆ ಕನೆಕ್ಷನ್ ಖಾಲಿ ಇಲ್ಲ ಎಂಬ ಎರರ್ ಬಂದರೆ: 'ಮ್ಯಾಕ್ಸ್_ಕನೆಕ್ಷನ್ಸ್' ಡೀಫಾಲ್ಟ್ 100, ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು. ಅಪ್ಲಿಕೇಷನ್ ಕೂಡ ಪೋಸ್ಟ್‌ಗ್ರೆಸ್ ಯೂಸರ್ ಆಗಿಯೇ ಲಾಗಿನ್ ಆಗುತ್ತಿದ್ದರೆ ಆ ಮೂರನ್ನೂ ಅದೇ ತಿಂದುಹಾಕುತ್ತದೆ. ಅಪ್ಲಿಕೇಷನ್‌ಗೆ ಬೇರೆ ಯೂಸರ್ ಮಾಡಿಕೊಡಿ. ಸಂಖ್ಯೆಯನ್ನು 1,000ಕ್ಕೆ ಏರಿಸುವುದು ಮದ್ದಲ್ಲ. ಪ್ರತಿ ಕನೆಕ್ಷನ್ನೂ ಒಂದೊಂದು ಪ್ರೊಸೆಸ್. ಮಧ್ಯೆ ಪಿಜಿಬೌನ್ಸರ್ (ಕೆಲವೇ ಕನೆಕ್ಷನ್‌ಗಳನ್ನು ಹಲವರಿಗೆ ಹಂಚುವ ತಂತ್ರಾಂಶ) ಇಡಿ.

ನಿಧಾನ ಮತ್ತು ಮೆಮೊರಿ

ನಿಲ್ಲದೆ ನಿಧಾನವಾಗಿದ್ದರೆ ಕ್ವೆರಿಗಳ ಲೆಕ್ಕ ಇಡುವ 'ಪಿಜಿ_ಸ್ಟಾಟ್_ಸ್ಟೇಟ್‌ಮೆಂಟ್ಸ್'ನಲ್ಲಿ ಒಟ್ಟು ಸಮಯ ಹೆಚ್ಚು ತಿಂದ ಹತ್ತು ಕ್ವೆರಿ ತೆಗೆದು, ಒಂದೊಂದಕ್ಕೂ 'ಎಕ್ಸ್‌ಪ್ಲೇನ್ (ಅನಲೈಸ್, ಬಫರ್ಸ್)' ಹಾಕಿ. ಕ್ವೆರಿ ಹೇಗೆ ಓಡುತ್ತದೆ ಎಂದು ಅದು ತೋರಿಸುತ್ತದೆ. ಎಚ್ಚರ: ಇಲ್ಲಿನ ಅನಲೈಸ್ ಕ್ವೆರಿಯನ್ನು ನಿಜವಾಗಿ ಓಡಿಸುತ್ತದೆ. ಡಿಲೀಟ್ ಆದರೆ ಡಿಲೀಟ್ ಆಗಿಯೇ ಬಿಡುತ್ತದೆ, 'ಬಿಗಿನ್' ಮತ್ತು 'ರೋಲ್‌ಬ್ಯಾಕ್' ನಡುವೆ ಇಡಿ. ಅಂದಾಜು ಸಾಲು 10, ನಿಜಕ್ಕೆ ಬಂದದ್ದು 80,000 ಎಂದಿದ್ದರೆ ಇಂಡೆಕ್ಸ್ (ಬೇಗ ಹುಡುಕಲು ಕಟ್ಟುವ ಸೂಚಿ) ಸೇರಿಸುವ ಮೊದಲು ಆ ಟೇಬಲ್ ಮೇಲೆ 'ಅನಲೈಸ್' ಎಂಬ ಬೇರೆಯದೇ ಆಜ್ಞೆ ಓಡಿಸಿ, ಅದು ಅಂದಾಜಿಗೆ ಬೇಕಾದ ಅಂಕಿಅಂಶವನ್ನು ಹೊಸದು ಮಾಡುತ್ತದೆ.

1 ಕೋಟಿ ಸಾಲಿನ ಟೇಬಲ್‌ನಲ್ಲಿ ಆಟೋವ್ಯಾಕ್ಯೂಮ್ (ತಾನಾಗಿ ನಡೆಯುವ ಶುಚಿ ಕೆಲಸ) ಶುರುವಾಗುವುದು ಸುಮಾರು 20 ಲಕ್ಷ ಸತ್ತ ಸಾಲು (ಬದಲಾದ, ಅಳಿಸಿದ ಸಾಲುಗಳ ಹಳೆ ಪ್ರತಿ) ಸೇರಿದ ಮೇಲೆ, ಏಕೆಂದರೆ ಸ್ಕೇಲ್ ಫ್ಯಾಕ್ಟರ್ 0.2. ದೊಡ್ಡ ಟೇಬಲ್‌ಗಳಿಗಷ್ಟೇ ಅದನ್ನು 0.02 ಮಾಡಿ. 'ವ್ಯಾಕ್ಯೂಮ್ ಫುಲ್' ವ್ಯವಹಾರದ ಹೊತ್ತಿನಲ್ಲಿ ಬೇಡ: ಪೂರ್ತಿ ಲಾಕ್ ಹಿಡಿಯುತ್ತದೆ, ಟೇಬಲ್‌ನ ಇನ್ನೊಂದು ಪ್ರತಿಗೆ ಜಾಗವೂ ಬೇಕು.

16 ಜಿಬಿ ಯಂತ್ರದಲ್ಲಿ ಎಲ್ಲ ಕನೆಕ್ಷನ್‌ಗಳು ಹಂಚಿಕೊಳ್ಳುವ ಮೆಮೊರಿ 'ಶೇರ್ಡ್_ಬಫರ್ಸ್' 4 ಜಿಬಿ ಇಡಬಹುದು. 'ವರ್ಕ್_ಮೆಮ್' ವಿಷಯದಲ್ಲೇ ಜನ ಎಡವುವುದು. ಅದು ಸರ್ವರಿಗೆ ಒಂದಲ್ಲ, ಕ್ವೆರಿಯೊಳಗಿನ ಪ್ರತಿ ಸಾರ್ಟಿಗೂ ಒಂದೊಂದು. 64 ಎಂಬಿ ಇಟ್ಟು 100 ಕನೆಕ್ಷನ್ ತಲಾ ಎರಡು ಸಾರ್ಟ್ ಮಾಡಿದರೆ 12,800 ಎಂಬಿ. ಆಗ ಲಿನಕ್ಸ್ ತಾನೇ ಒಂದು ಪ್ರೊಸೆಸ್‌ಗೆ 'ಕಿಲ್ -9' ಕೊಡುತ್ತದೆ, ಮುಂದಿನದು ಮೇಲೆ ಹೇಳಿದ್ದೇ.

ಕರೆಂಟು ಮತ್ತು ಗಡಿಯಾರ

ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಮಳೆಗೆ ಬೆಂಗಳೂರಿನಲ್ಲಿ ಕರೆಂಟ್ ಹೋಗುವುದು ಇದ್ದದ್ದೇ. ಅದರಿಂದಲೇ ಪೋಸ್ಟ್‌ಗ್ರೆಸ್ ಡೇಟಾ ಕೆಡಬೇಕಿಲ್ಲ, 'ಎಫ್‌ಸಿಂಕ್' (ಬರೆದದ್ದು ಡಿಸ್ಕಿಗೆ ಇಳಿಯುವವರೆಗೆ ಕಾಯುವ ಸೆಟ್ಟಿಂಗ್) ಆನ್ ಇದ್ದು ಡಿಸ್ಕ್ ಸುಳ್ಳು ಹೇಳದಿದ್ದರೆ. ಅಗ್ಗದ ಎಸ್‌ಎಸ್‌ಡಿ ತನ್ನ ಕ್ಯಾಶ್‌ನಲ್ಲಿಟ್ಟುಕೊಂಡೇ "ಬರೆದಾಯಿತು" ಎನ್ನಬಹುದು. ಎಸ್‌ಪಿ ರೋಡಿನಲ್ಲಿ ಕೊಳ್ಳುವಾಗ ಪವರ್ ಲಾಸ್ ಪ್ರೊಟೆಕ್ಷನ್ ಇರುವ ಸರ್ವರ್ ಎಸ್‌ಎಸ್‌ಡಿಯನ್ನೇ ಕೇಳಿ. ಯುಪಿಎಸ್‌ನ ಯುಎಸ್‌ಬಿ ವೈರನ್ನು ಸರ್ವರಿಗೆ ಸಿಕ್ಕಿಸಿ, ಬ್ಯಾಟರಿ ಶೇ. 30ಕ್ಕೆ ಇಳಿದಾಗ ತಾನಾಗಿ ಶಟ್‌ಡೌನ್ ಆಗುವಂತೆ 'ನಟ್' (ಯುಪಿಎಸ್ ಮೇಲೆ ಕಣ್ಣಿಡುವ ತಂತ್ರಾಂಶ) ಸೆಟ್ ಮಾಡಿ. ಬಹಳ ಕಡೆ ಆ ವೈರು ಇನ್ನೂ ಡಬ್ಬದಲ್ಲೇ ಇರುತ್ತದೆ.

ಕ್ಲೌಡ್ ಯಂತ್ರದ ಗಡಿಯಾರ ಸಾಮಾನ್ಯವಾಗಿ ಯುಟಿಸಿ, ನಮಗಿಂತ ಐದೂವರೆ ಗಂಟೆ ಹಿಂದಿನ ವಿಶ್ವ ಸಮಯ. ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ರಾತ್ರಿ 2 ಎಂದು ಬರೆದ ಬ್ಯಾಕಪ್ ನಮಗೆ ಬೆಳಿಗ್ಗೆ 7.30ಕ್ಕೆ, ಮಂಡಿ ಜೋರಾಗಿರುವಾಗ ಶುರುವಾಗುತ್ತದೆ. ನಮ್ಮ ರಾತ್ರಿ 2 ಬೇಕಿದ್ದರೆ 20.30 ಎಂದು ಬರೆಯಿರಿ.

ಕನ್ನಡ ಡೇಟಾ ಇದ್ದರೆ

'ಶ್ರೀನಿವಾಸಮೂರ್ತಿ' ಕಣ್ಣಿಗೆ ಆರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ 15, ಯುಟಿಎಫ್-8ರಲ್ಲಿ 45 ಬೈಟ್. 'ವಾರ್‌ಕ್ಯಾರ್(20)' ಕಾಲಂನಲ್ಲಿ (ಮಿತಿ 20 ಯೂನಿಕೋಡ್ ಅಕ್ಷರ) ಇನಿಷಿಯಲ್‌ಗಳು ಸೇರಿದರೆ ಮಿತಿ ದಾಟಿ ಎರರ್ ಬರಬಹುದು. 'ಟೆಕ್ಸ್ಟ್' ಎಂದೇ ಇಡಿ. 'ಕಿರಣ್' ಎಂದು ಹುಡುಕಿದರೆ ಎದುರಿಗೇ ಇರುವ ಕಿರಣ್ ಸಿಗದಿದ್ದರೆ ಕೊನೆಯಲ್ಲಿ ಕಾಣದ ಜೋಡಣೆ-ತಡೆ ಅಕ್ಷರ ಕೂತಿರಬಹುದು, ಅದರ ಸಂಖ್ಯೆ 8204. 'ಆರ್‌ಟ್ರಿಮ್(ಹೆಸರು, ಸಿಎಚ್ಆರ್(8204))' ಅದನ್ನು ತೆಗೆಯುತ್ತದೆ. ಪದದ ಮಧ್ಯದಲ್ಲಿರುವುದನ್ನು ಮುಟ್ಟಬೇಡಿ, ಬರಹದ ರೂಪವೇ ಬದಲಾಗುತ್ತದೆ.

ಇನ್ನೊಂದು ದೊಡ್ಡ ಹಳ್ಳ: ಉಬುಂಟು 18.04ರಿಂದ 20.04ಕ್ಕೆ ಹೋದರೆ ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಲೈಬ್ರರಿ) 2.27ರಿಂದ 2.31ಕ್ಕೆ ಹೋಗುತ್ತದೆ, ನಡುವಿನ 2.28ರಲ್ಲಿ ಅಕ್ಷರ ಜೋಡಿಸುವ ಕ್ರಮವೇ ಬದಲಾಗಿದೆ. ಹಳೆ ಕ್ರಮದಲ್ಲಿ ಕಟ್ಟಿದ ಇಂಡೆಕ್ಸ್ ಹೊಸ ಕ್ರಮದಲ್ಲಿ ಹುಡುಕಿದಾಗ ಇರುವ ಸಾಲನ್ನೂ ಇಲ್ಲ ಎನ್ನಬಹುದು, ಯುನೀಕ್ ಕಾಲಂನಲ್ಲಿ ಒಂದೇ ಹೆಸರು ಎರಡು ಸಲ ಸೇರಬಹುದು. ಓಎಸ್ ಬದಲಿಸಿದ ದಿನವೇ 'ರೀಇಂಡೆಕ್ಸ್ ಡೇಟಾಬೇಸ್' ಮಾಡಿ.

ಬ್ಯಾಕಪ್ಪು

'ಪಿಜಿ_ಡಂಪ್ -ಎಫ್‌ಸಿ' (ಎಫ್ ದೊಡ್ಡಕ್ಷರ, ಸಿ ಚಿಕ್ಕಕ್ಷರ) ಒಂದು ಡೇಟಾಬೇಸನ್ನಷ್ಟೇ ತೆಗೆಯುತ್ತದೆ. ಯೂಸರ್‌ಗಳು ಮತ್ತು ಪಾಸ್‌ವರ್ಡ್‌ಗಳು ಬರುವುದಿಲ್ಲ, ಅದಕ್ಕೆ 'ಪಿಜಿ_ಡಂಪ್ಆಲ್ --ಗ್ಲೋಬಲ್ಸ್-ಓನ್ಲಿ' ಕೂಡ ಓಡಿಸಿ. ಒಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ. ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ 'ಪಿಜಿ_ರಿಸ್ಟೋರ್ -ಜೆ 4' ಮಾಡಿ, ಅನಲೈಸ್ ಓಡಿಸಿ, ನಿನ್ನೆಯ ಕೊನೆಯ ಬಿಲ್ ನಂಬರ್ ಅಲ್ಲಿದೆಯೇ ನೋಡಿ. ಶುರುವಿನಿಂದ ಕೊನೆಯವರೆಗೆ ಎಷ್ಟು ನಿಮಿಷ ಹಿಡಿಯಿತು ಎಂದು ಬರೆದು ಸರ್ವರ್ ಮೇಲೆ ಅಂಟಿಸಿ. ಸರ್ವರ್ ಸುಟ್ಟ ದಿನ ಮಾಲೀಕರು ಮೊದಲು ಕೇಳುವುದು ಅದನ್ನೇ.