ಬರಡು ಎಂದು ಬರೆಯುವ ಮೊದಲು: ಕೊಪ್ಪಳದ ಕುರುಚಲು ನೆಲದಲ್ಲಿ ಸಸ್ಯ ಸಮೀಕ್ಷೆ

ಕೊಪ್ಪಳ ಜಿಲ್ಲೆಯಲ್ಲಿ ಬಡಾವಣೆಗೋ ಸೋಲಾರ್ ಘಟಕಕ್ಕೋ ಗಾಳಿಯಂತ್ರಕ್ಕೋ ಜಮೀನು ಹುಡುಕುವವರ ಕಣ್ಣು ಮೊದಲು ಬೀಳುವುದು ಕುರುಚಲು ನೆಲದ ಮೇಲೆ. ಬೆಳೆ ಇಲ್ಲ, ನೀರಾವರಿ ಇಲ್ಲ, ದರವೂ ಕಡಿಮೆ. ಅಂಥ ನೆಲದಲ್ಲಿ ಏನೇನು ಬೆಳೆದಿದೆ, ಯಾವ ಜೀವ ಅದನ್ನು ನಂಬಿಕೊಂಡಿದೆ ಎಂದು ನೋಡಿ ಬರೆದುಕೊಡುವುದು ನನ್ನ ಕೆಲಸ. ಸಸ್ಯಶಾಸ್ತ್ರ ಓದಿ ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ತಿಂಗಳನ್ನು ಗೊತ್ತು ಮಾಡಿಕೊಳ್ಳಿ. ಮಾರ್ಚ್ ತಿಂಗಳಲ್ಲಿ ಕುಷ್ಟಗಿ ಕಡೆಯ ಮಸಾರಿ (ಕೆಂಪು ಮಣ್ಣಿನ) ನೆಲಕ್ಕೆ ಹೋದರೆ ತಂಗಡಿ, ಕಾರೆ, ಬಾರೆ, ಬಂದರಿಕೆ, ಅಲ್ಲಲ್ಲಿ ಜಾಲಿ, ಮಿಕ್ಕಂತೆ ಒಣಹುಲ್ಲು ಮತ್ತು ಗರಸು ಕಾಣುತ್ತವೆ. ಪಟ್ಟಿ ಅರ್ಧ ಪುಟಕ್ಕೆ ಮುಗಿಯುತ್ತದೆ, ‘ಬರಡು ಭೂಮಿ’ ಎಂದು ಬರೆಯಲು ಕೈ ತಾನಾಗಿ ಹೋಗುತ್ತದೆ. ಅದೇ ನೆಲಕ್ಕೆ ಉತ್ತರೆ, ಹಸ್ತ ಮಳೆಗಳ ಹೊತ್ತಿಗೆ ಹೋಗಿ. ಗೇಣುದ್ದದ ಹುಲ್ಲುಗಳು, ನೆಲಕ್ಕಂಟಿ ಹರಡುವ ನೀಲಿ ಜಾತಿಯ ಗಿಡಗಳು, ಕಾರೆ ಪೊದೆಯ ನಡುವಿನಿಂದ ಹತ್ತಿ ಬರುವ ಬಳ್ಳಿಗಳು ಎಲ್ಲವೂ ಎದ್ದು ನಿಂತಿರುತ್ತವೆ. ಇವುಗಳಲ್ಲಿ ಹೆಚ್ಚಿನವು ಬೀಜವಾಗಿಯೋ ಗಡ್ಡೆಯಾಗಿಯೋ ಬೇಸಿಗೆ ಕಳೆಯುವ ಗಿಡಗಳು. ಇಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ದೊಡ್ಡ ಪಾಲು ಸೆಪ್ಟೆಂಬರ್ ಆಸುಪಾಸಿನದು. ಗಿಡಗಳ ಬದುಕೂ ಆ ಲೆಕ್ಕಕ್ಕೇ ಹೊಂದಿಕೊಂಡಿದೆ.

ಹಾಗೆಂದು ಮಳೆಗಾಲದ ಒಂದು ಭೇಟಿಯೂ ಸಾಲದು. ಕಾಡು ಈರುಳ್ಳಿ ಬೇಸಿಗೆಯಲ್ಲಿ ಎಲೆಯಿಲ್ಲದೆ ಹೂದಂಡು ಎತ್ತುತ್ತದೆ, ಎಲೆ ಬರುವುದು ಮಳೆ ಬಿದ್ದ ಮೇಲೆ. ಮುತ್ತುಗದ ಹೂವೂ ಬೇಸಿಗೆಯದೇ. ಆದ್ದರಿಂದ ಒಂದು ಸಲ ಏಪ್ರಿಲ್‌ನಲ್ಲಿ, ಇನ್ನೊಂದು ಸಲ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹೋಗಿ. ಸಾಧ್ಯವಾದರೆ ಮೃಗಶಿರಾ ಮಳೆ ಬಿದ್ದ ಕೂಡಲೇ ಮತ್ತೊಂದು ಸಲ ಹೋಗಿ. ಮಳೆಗಾಲ ಬಿಟ್ಟು ಒಂದೇ ಋತುವಿನ ಮಾಹಿತಿಯಲ್ಲಿ ಪರಿಸರ ವರದಿ ಮುಗಿಸುವ ರೂಢಿ ನಮ್ಮಲ್ಲಿದೆ. ಗಾಳಿಯ ಧೂಳು ಅಳೆಯಲು ಅದು ಸರಿಯಿರಬಹುದು, ಗಿಡಗಳ ಮಟ್ಟಿಗೆ ಅದು ಅನ್ಯಾಯ. ಒಂದು ಸಂಸ್ಥೆಯವರು ಏಪ್ರಿಲ್‌ನಲ್ಲೇ ಎಲ್ಲ ಮುಗಿಸಿಕೊಡಿ ಎಂದು ಒತ್ತಾಯಿಸಿದಾಗ ನಾನು ಒಂದು ಷರತ್ತು ಹಾಕಿದೆ: ‘ಮಳೆಗಾಲದ ಸಸ್ಯಗಳನ್ನು ಈ ಸಮೀಕ್ಷೆ ನೋಡಿಲ್ಲ’ ಎಂಬ ಸಾಲು ಮೊದಲ ಪುಟದಲ್ಲೇ ಇರಬೇಕು. ನೀವೂ ಈ ಸಾಲನ್ನು ಬಿಟ್ಟುಕೊಡಬೇಡಿ.

ಹೊಲಕ್ಕೆ ಹೋಗುವ ಮೊದಲು ಪಹಣಿ ತೆಗೆಸಿ, ಖರಾಬು ಎಂದು ತೋರಿಸಿದ ಗುಂಟೆಗಳನ್ನು ಗುರುತು ಹಾಕಿಕೊಳ್ಳಿ. ಕಂದಾಯದ ಲೆಕ್ಕದಲ್ಲಿ ಅವಕ್ಕೆ ಬೆಲೆಯಿಲ್ಲ. ನೇಗಿಲು ಮುಟ್ಟದ ನೆಲ ಉಳಿದಿರುವುದು ಮಾತ್ರ ಬಹುಮಟ್ಟಿಗೆ ಅಲ್ಲೇ: ಬಂಡೆಯ ಬುಡ, ಹಳ್ಳದ ದಂಡೆ, ಹಳೆಯ ಬಂಡಿದಾರಿ. ಊರಿನ ದನಕರು ಮೇಯಲು ಬಿಟ್ಟ ಗಾಯರಾಣವೂ ಹಾಗೆಯೇ. ನಿಂತಿರುವ ಜಾಗದ ಸರ್ವೆ ನಂಬರ್ ತಿಳಿಯಲು ಮೊಬೈಲ್‌ನಲ್ಲಿ ದಿಶಾಂಕ್ ಎಂಬ ಸರ್ಕಾರಿ ಆ್ಯಪ್ ಇದ್ದರೆ ಸಾಕು. ಉಪಗ್ರಹ ಚಿತ್ರವನ್ನು ಮಾತ್ರ ಎಚ್ಚರದಿಂದ ಓದಬೇಕು. ದಟ್ಟ ಹಸಿರಾಗಿ ಕಾಣುವುದು ಎಷ್ಟೋ ಕಡೆ ಬಳ್ಳಾರಿ ಜಾಲಿಯ ಮೆಳೆ, ಹೊರದೇಶದಿಂದ ಬಂದು ಉಳಿದೆಲ್ಲವನ್ನೂ ನೂಕಿ ಹಬ್ಬಿದ ಗಿಡ. ಕಂದು ಬಣ್ಣದಲ್ಲಿ ಕಾಣುವ ತುಂಡು ಒಳ್ಳೆಯ ಹುಲ್ಲುಗಾವಲಾಗಿರಬಹುದು.

ನೆಲವನ್ನು ಮಸಾರಿ, ಎರೆ (ಕಪ್ಪು ಮಣ್ಣು), ಹಳ್ಳದ ದಂಡೆ, ಬಂಡೆ, ಹೊಲದ ಒಡ್ಡು ಎಂದು ವಿಂಗಡಿಸಿ, ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ನೋಡಿ. ಗೂಟ ಮತ್ತು ಹಗ್ಗದಿಂದ ಚೌಕ ಹಾಕಿ: ಹುಲ್ಲು ಮತ್ತು ಸಣ್ಣ ಗಿಡಗಳಿಗೆ ಒಂದು ಮೀಟರ್ ಬದಿಯದು, ಪೊದೆಗಳಿಗೆ ಐದು ಮೀಟರ್, ಮರಗಳಿಗೆ ಹತ್ತು ಮೀಟರ್. ಚೌಕದ ಜಾಗವನ್ನು ನಕ್ಷೆಯ ಮೇಲೆ ಮೊದಲೇ ಗುರುತಿಸಿ. ಅಲ್ಲಿಗೆ ಹೋದ ಮೇಲೆ ಚೆಂದ ಕಂಡಲ್ಲಿ ಹಗ್ಗ ಹಾಸಿದರೆ ಲೆಕ್ಕ ಸುಳ್ಳಾಗುತ್ತದೆ. ಒಂದೊಂದು ಬಗೆಯ ನೆಲದಲ್ಲೂ ಹೊಸ ಹೆಸರು ಬರುವುದು ನಿಲ್ಲುವವರೆಗೆ ಚೌಕ ಹಾಕುತ್ತ ಹೋಗಿ. ಆಮೇಲೆ ಹಗ್ಗ ಸುತ್ತಿಟ್ಟು, ಉಳಿದ ನೆಲವನ್ನೆಲ್ಲ ಸುಮ್ಮನೆ ನಡೆದು ನೋಡಿ. ವಿರಳವಾದ ಗಿಡ ಚೌಕದೊಳಗೆ ಸಿಗುವುದು ಕಡಿಮೆ.

ಮರಗಳ ಸುತ್ತಳತೆಯನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆಯಿರಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಕಡಿಯಲು ಅನುಮತಿ ಕೇಳುವಾಗ ಈ ಪಟ್ಟಿಯೇ ಬೇಕಾಗುತ್ತದೆ. ಕಮರ, ಬನ್ನಿ, ಹಳೆಯ ಬೇವು, ಹುಣಸೆ ಇದ್ದರೆ ಒಂದೊಂದರದೂ ಫೋಟೋ ಮತ್ತು ಜಿಪಿಎಸ್ ಗುರುತು ಇರಲಿ.

ಹೆಸರು ಗೊತ್ತಾಗದ ಗಿಡಕ್ಕೆ ಊಹೆಯ ಹೆಸರು ಬರೆಯಬೇಡಿ. ಎಲೆಯ ಎರಡೂ ಬದಿ, ಹೂ, ಕಾಯಿ, ತೊಗಟೆ, ಇಡೀ ಗಿಡ ಎಲ್ಲದರ ಫೋಟೋ ತೆಗೆಯಿರಿ. ಅಲ್ಲಿ ಅದೇ ಗಿಡ ಹೇರಳವಾಗಿದ್ದರೆ ಮಾತ್ರ ಹೂವಿರುವ ಒಂದು ಟೊಂಗೆಯನ್ನು ಹಳೆಯ ಪತ್ರಿಕೆಗಳ ನಡುವೆ ಒತ್ತಿಟ್ಟು, ದಿನಾಂಕ ಮತ್ತು ಜಾಗ ಬರೆದು, ಬಲ್ಲವರಿಗೆ ತೋರಿಸಿ.

ಕುರಿಗಾಹಿಗಳ ಜೊತೆ ಕುಳಿತು ಮಾತನಾಡದೆ ಯಾವ ಸಮೀಕ್ಷೆಯನ್ನೂ ನಾನು ಮುಗಿಸುವುದಿಲ್ಲ. ‘ಅಜ್ಜಾ, ಮಳೆ ಬಿದ್ದ ಮೇಲೆ ಕುರಿಗಳನ್ನು ಮೊದಲು ಯಾವ ಕಡೆ ಹೊಡೆಯುತ್ತೀರಿ?’ ಎಂದು ಕೇಳಿ. ಒಳ್ಳೆಯ ಹುಲ್ಲು ಎಲ್ಲಿದೆ ಎಂಬುದು ಅದೊಂದರಲ್ಲೇ ತಿಳಿಯುತ್ತದೆ. ‘ತೋಳ ಎಲ್ಲಿ ಕಾಣುತ್ತದೆ?’ ಎಂದೂ ಕೇಳಿ. ಈ ನೆಲ ತೋಳದ ನೆಲ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸರ್ಕಾರವೇ ತೋಳಗಳಿಗಾಗಿ ವನ್ಯಜೀವಿ ಧಾಮ ಮಾಡಿದೆ. ಧಾಮದ ಗಡಿ ನೋಡಿಕೊಂಡು ತೋಳ ಓಡಾಡುವುದಿಲ್ಲ. ಕೂದಲು ತುಂಬಿದ ಹಿಕ್ಕೆ, ಗುಹೆಯ ಬಾಯಿ, ಗರಸಿನ ಮೇಲೆ ಮೊಟ್ಟೆಯಿಡುವ ಹಕ್ಕಿಗಳು, ನಕ್ಷತ್ರ ಆಮೆ ಯಾವುದು ಕಂಡರೂ ದಾಖಲಿಸಿ. ಆನೆಗೊಂದಿ ಕಡೆಯ ಬಂಡೆಗುಡ್ಡಗಳಲ್ಲಾದರೆ ಹಳದಿ ಕೊರಳಿನ ಪಿಕಳಾರಕ್ಕೆ ಕಿವಿಗೊಡಿ. ದಕ್ಷಿಣ ಭಾರತದ ಇಂಥ ಕುರುಚಲು ಬಂಡೆಗಳನ್ನು ಬಿಟ್ಟರೆ ಜಗತ್ತಿನಲ್ಲಿ ಅದಕ್ಕೆ ಬೇರೆ ಮನೆಯಿಲ್ಲ. ತೋಳದ ಗುಹೆಯ ನಿಖರ ಜಾಗವನ್ನು ಮಾತ್ರ ಎಲ್ಲರ ಕೈಗೂ ಹೋಗುವ ವರದಿಯಲ್ಲಿ ಹಾಕದೆ, ಅರಣ್ಯ ಇಲಾಖೆಗೆ ಪ್ರತ್ಯೇಕವಾಗಿ ಕೊಡಿ.

ವರದಿಯಲ್ಲಿ ಹೆಸರುಗಳ ಪಟ್ಟಿಗಿಂತ ಮುಖ್ಯವಾದದ್ದು ನಕ್ಷೆ. ಎಂಜಿನಿಯರ್ ಪಟ್ಟಿ ಓದುವುದಿಲ್ಲ, ನಕ್ಷೆ ನೋಡುತ್ತಾರೆ. ಮುಟ್ಟಬಾರದ ಜಾಗವನ್ನು ಕೆಂಪು ಬಣ್ಣದಲ್ಲಿ ತೋರಿಸಿ, ಕೆಳಗೆ ಕಾರಣ ಬರೆಯಿರಿ: ಹಳ್ಳದ ಎರಡೂ ದಂಡೆ ಉಳಿಯಲಿ, ರಸ್ತೆಯನ್ನು ಕಮರದ ಗುಂಪಿನಿಂದ ಆಚೆಗೆ ಸರಿಸಿ, ಬೇಲಿಯ ಕೆಳಗೆ ಸಣ್ಣ ಪ್ರಾಣಿ ನುಸುಳುವಷ್ಟು ಜಾಗ ಬಿಡಿ. ಇಡೀ ಯೋಜನೆ ಬೇಡ ಎಂಬ ಮಾತಿಗಿಂತ ಇಂಥ ಸಣ್ಣ, ಅಳತೆಯಿರುವ ಸೂಚನೆಗಳಿಗೆ ಬೆಲೆ ಸಿಗುವುದನ್ನು ಕಂಡಿದ್ದೇನೆ. ಯೋಜನೆಯೇ ಅಲ್ಲಿ ಬೇಡ ಎನ್ನುವಂಥ ನೆಲವಾದರೆ ಅದನ್ನೂ ಅಂಜದೆ ಬರೆಯಿರಿ.

ಪಟ್ಟಿಯ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಕೊಡಿ. 2002ರ ಕಾಯ್ದೆಯಂತೆ ಊರಿನ ಜೀವವೈವಿಧ್ಯ ದಾಖಲೆ ಇಡುವುದು ಆ ಸಮಿತಿಯ ಹೊಣೆ. ಕೊಡುವಾಗ ಊರಿನವರು ಹೇಳಿದ ಹೆಸರುಗಳನ್ನು ಶಾಸ್ತ್ರೀಯ ಹೆಸರಿನ ಪಕ್ಕದಲ್ಲೇ ಬರೆದಿರಿ.